ಒಂಬತ್ತು ಕುರ್ಚಿಗಳ ಕಚೇರಿ

ಬಟ್ಟೆ ಅಂಗಡಿಯೊಂದರ ದೊಡ್ಡ ಗಾಜಿನ ಕಿಟಕಿಯೊಳಗೆ ನಿಂತ ಗೊಂಬೆಗಳಿಗೆ ಮೂವತ್ತೊಂದು ವರ್ಷ ಬಟ್ಟೆ ತೊಡಿಸಿದವಳು ಗೊಂಬೆಯಕ್ಕ. ಆ ಹೆಸರು ಅಂಟಿಕೊಂಡದ್ದು ಅಲ್ಲಿಯೇ. ಹದಿನೈದು ದಿನಕ್ಕೊಮ್ಮೆ ಕಿಟಕಿಗೆ ಪರದೆ ಎಳೆದು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವಳು ಒಳಹೊಕ್ಕರೆ ಮುಗಿಯಿತು. ಹೊರಬರುವಷ್ಟರಲ್ಲಿ ಅದೇ ನಾಲ್ಕು ಗೊಂಬೆ, ಅದೇ ಎರಡು ಕುರ್ಚಿ, ಅದೇ ಮುರುಕಲು ಏಣಿ ಬೇರೆ ಯಾರದೋ ಮನೆಯಂತೆ ಕಾಣುತ್ತಿದ್ದವು. ಮಾಲೀಕ ಕೈಬಿಚ್ಚಿ ಖರ್ಚು ಮಾಡುವ ಪೈಕಿ ಅಲ್ಲ. ಹಳೆಯ ರಟ್ಟು, ಉಳಿದ ಅಸ್ತರಿ ಬಟ್ಟೆ, ಎರಡು ಬಲ್ಬು, ಇಷ್ಟರಲ್ಲೇ ಅವಳು ಬೇಸಿಗೆ ತರುತ್ತಿದ್ದಳು, ಚಳಿಗಾಲ ತರುತ್ತಿದ್ದಳು. ಕೆಲಸ ಮುಗಿಸಿ ರಸ್ತೆ ದಾಟಿ ಎದುರಿನ ಅಂಚಿನಲ್ಲಿ ನಿಂತು ನೋಡುವುದು ಅವಳ ರೂಢಿ. ಬಸ್ಸಿಗೆ ಓಡುತ್ತಿದ್ದವರಲ್ಲಿ ಒಬ್ಬರಾದರೂ ಗಕ್ಕನೆ ನಿಂತು ಕಿಟಕಿ ನೋಡಿದರೆ ಅಂದಿನ ಊಟ ಮೈಗೆ ಹತ್ತುತ್ತಿತ್ತು.

ಅವಳಿಗೆ ಐವತ್ತೆಂಟು ತುಂಬಿದ ವರ್ಷ ಮಾಲೀಕ ತೀರಿಕೊಂಡ, ಮಕ್ಕಳು ಪಾಲು ಮಾಡಿಕೊಂಡರು, ಅಂಗಡಿ ಮುಚ್ಚಿತು. ನೆನಪಿಗೆ ಏನಾದರೂ ತೆಗೆದುಕೊಳ್ಳಿ ಎಂದಾಗ ಉಳಿದವರೆಲ್ಲ ಬಟ್ಟೆಯ ಥಾನುಗಳ ಕಡೆ ಕೈಚಾಚಿದರೆ, ಅವಳು ಗೋಡೆಯ ಮೇಲಿದ್ದ ಆಳೆತ್ತರದ ಕನ್ನಡಿಯನ್ನು ಕೇಳಿ ಪಡೆದಳು. ಅಗಲ ಎಂದರೆ ಎರಡು ಬಾಗಿಲಿನಷ್ಟು. ಅದು ಅವಳ ಎರಡು ಕೋಣೆಯ ಮನೆಯ ಬಾಗಿಲಲ್ಲೇ ಹಿಡಿಸಲಿಲ್ಲ. ನೆರೆಯವರ ಗ್ಯಾರೇಜಿನಲ್ಲಿ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ನಿಂತಿತು.

ಸುಮ್ಮನೆ ಕೂರಲು ಅವಳಿಗೆ ಬರುತ್ತಿರಲಿಲ್ಲ. ಮನೆಯ ಸಾಮಾನುಗಳಿಗೇ ಗ್ರಹಚಾರ ವಕ್ಕರಿಸಿತು. ಬೆಳಗ್ಗೆ ಚಹಾ ಕುಡಿದ ಕುರ್ಚಿ ಸಂಜೆಗೆ ಇನ್ನೊಂದು ದಿಕ್ಕಿಗೆ ತಿರುಗಿರುತ್ತಿತ್ತು. ಅವಳ ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತನಾದವನು, ಮಾತಿನಲ್ಲಿ ಬಹಳ ಜಿಪುಣ. ಒಂದು ದಿನ ಚಪ್ಪಲಿ ಹುಡುಕಿ ಹುಡುಕಿ ಸೋತು, ಇನ್ನು ಮೇಲೆ ಬರಿಗಾಲಲ್ಲೇ ಓಡಾಡುವುದಾಗಿ ತಿಳಿಸಿದ. ಅಷ್ಟು ಹೇಳಿದ್ದೇ ಅವನ ಪಾಲಿಗೆ ಭಾಷಣ.

ಹೀಗಿರುವಾಗ ಅಕ್ಕನ ಮಗಳು ಬಂದಳು. ಅವಳದೊಂದು ಸಣ್ಣ ಕಚೇರಿ. ಔಷಧಿಯ ಡಬ್ಬಿಯೊಳಗೆ ಮಡಚಿಟ್ಟ ತೆಳ್ಳನೆಯ ಚೀಟಿ ಇರುತ್ತದಲ್ಲ, ಯಾರೂ ಓದದ, ಇರುವೆ ಸಾಲಿನಂಥ ಅಕ್ಷರದ ಚೀಟಿ, ಅದನ್ನು ಮುದ್ರಣಕ್ಕೆ ಮುಂಚೆ ಓದಿ ತಪ್ಪು ತಿದ್ದುವುದು ಅಲ್ಲಿಯ ಕಸುಬು. ಅವಳೂ ಸೇರಿ ಒಂಬತ್ತು ಜನ. ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ಎರಡು ತಿಂಗಳಲ್ಲಿ ಜಾಗ ಖಾಲಿ ಮಾಡಬೇಕಿತ್ತು. ಹೊಸ ಜಾಗ ಸಿಕ್ಕಿದ್ದು ಒಂದು ಮೂರನೇ ಮಹಡಿಯಲ್ಲಿ, ಹಿಂದೆ ಫೋಟೋ ಸ್ಟುಡಿಯೋ ಆಗಿದ್ದ ಉದ್ದನೆಯ ಕೋಣೆ. ಗೋಡೆ, ಚಾವಣಿ ಎಲ್ಲ ಕಾಡಿಗೆ ಕಪ್ಪು. ಕಿಟಕಿಗಳಿಗೆ ಹಲಗೆ ಬಡಿದು ಅದರ ಮೇಲೂ ಕಪ್ಪು ಬಳಿದಿದ್ದರು. ಬಾಡಿಗೆ ಕಡಿಮೆ ಇದ್ದದ್ದೇ ಅದಕ್ಕೆ.

ಒಳಾಂಗಣ ಮಾಡಿಕೊಡುವ ಒಂದು ಕಂಪನಿಯವರು ಬಂದು ಅಳತೆ ಹಿಡಿದು, ಬಣ್ಣಬಣ್ಣದ ನಕ್ಷೆ ಬರೆದುಕೊಟ್ಟು ಹೋಗಿದ್ದರು. ನಕ್ಷೆ ಬಲು ಚಂದ. ಬೆಲೆ ಕೇಳಿದರೆ ಮೂಗಿಗಿಂತ ಮೂಗುತಿ ಭಾರ.

“ಅಷ್ಟು ನನ್ನ ಹತ್ರ ಇದ್ದಿದ್ರೆ ಆ ಕಟ್ಟಡಾನೇ ಕೊಂಡ್ಕೋತಿದ್ದೆ ಚಿಕ್ಕಮ್ಮ” ಎಂದಳು ಅಕ್ಕನ ಮಗಳು. “ನೀವು ಎರಡು ಬಲ್ಬಲ್ಲಿ ಚಳಿಗಾಲ ತರ್ತಿದ್ರಿ. ನನಗೊಂದು ಬೆಳಕಿರೋ ಕಚೇರಿ ಮಾಡ್ಕೊಡಿ.”

ಗೊಂಬೆಯಕ್ಕ ಬಿಂಕಕ್ಕೆ ಒಂದು ದಿನ ಯೋಚಿಸಿ ಹೇಳುತ್ತೇನೆಂದಳು. ಆದರೆ ಅಕ್ಕನ ಮಗಳು ಮೆಟ್ಟಿಲಿಳಿದು ಬೀದಿ ಸೇರುವ ಮುಂಚೆಯೇ ಅಳತೆಪಟ್ಟಿ ಹುಡುಕಲು ಶುರುಮಾಡಿದ್ದಳು.

ಆ ಎರಡು ತಿಂಗಳು ಗಂಡ ಹೆಂಡತಿ ಇಬ್ಬರಿಗೂ ಪ್ರಾಯ ಮರಳಿ ಬಂದಂತಿತ್ತು. ಹಲಗೆ ಕಿತ್ತಾಗ ಐದು ಎತ್ತರದ ಕಿಟಕಿಗಳು ಹೊರಬಿದ್ದವು, ಎಲ್ಲವೂ ಪೂರ್ವಕ್ಕೆ. ಇಪ್ಪತ್ತು ವರ್ಷ ಬೆಳಕು ಕಾಣದ ನೆಲದ ಮೇಲೆ ಬಿಸಿಲು ಬಿದ್ದಾಗ ಧೂಳು ಹೊಗೆಯಂತೆ ಎದ್ದಿತು. ಕಪ್ಪು ಗೋಡೆಗೆ ಒಂದು ಕೈ ಸುಣ್ಣ ಬಳಿದರೆ ಬೂದಿ ಬಣ್ಣ, ಎರಡು ಕೈ ಬಳಿದರೆ ಕೊಳಕು ಹಾಲಿನ ಬಣ್ಣ. ಕಡೆಗೆ ಅವಳು ಹೊಳೆಯುವ ಬಿಳಿಯ ಎಣ್ಣೆಬಣ್ಣ ತರಿಸಿ ಮೂರು ಸಲ ಹೊಡೆಸಿದಳು. ವಸತಿಗೃಹವೊಂದನ್ನು ಹೊಸದು ಮಾಡುತ್ತಿದ್ದಾರೆಂದು ಸುಳಿವು ಸಿಕ್ಕಿ, ಅಲ್ಲಿ ಕಿತ್ತೆಸೆದ ಕೋಣೆಬಾಗಿಲುಗಳಲ್ಲಿ ಒಂಬತ್ತನ್ನು ಗುಜರಿ ಬೆಲೆಗೆ ತಂದಳು. ಕಾಲು ಕೊಟ್ಟು ಅಡ್ಡ ಮಲಗಿಸಿದರೆ ಬಾಗಿಲೇ ಮೇಜು. ಬೀಗದ ತೂತಿನಲ್ಲಿ ಕಂಪ್ಯೂಟರಿನ ವೈರುಗಳು ಇಳಿದವು. ಆ ಮೇಜುಗಳಿಗೂ ಅದೇ ಬಿಳಿ. ಬೇರೆ ಬೇರೆ ಕಡೆಯಿಂದ ಕೂಡಿಸಿದ ಕುರ್ಚಿಗಳಿಗೆಲ್ಲ ಒಂದೇ ಹಳದಿ ಬಟ್ಟೆ ಹೊದಿಸಿ, ಬೇರೆ ಬೇರೆ ತಾಯಂದಿರ ಮಕ್ಕಳನ್ನು ಒಂದೇ ಮನೆಯವರಂತೆ ಮಾಡಿದಳು.

ಕನ್ನಡಿಗೆ ಕಡೆಗೂ ಜಾಗ ಸಿಕ್ಕಿತು. ಬಾಗಿಲಿನ ಪಕ್ಕದ ಗೋಡೆಗೆ, ಕಿಟಕಿಗಳಿಗೆ ಎದುರಾಗಿ ಅದನ್ನು ಕೂರಿಸಿದಾಗ ಕೋಣೆ ದುಪ್ಪಟ್ಟಾಯಿತು, ಐದು ಕಿಟಕಿ ಹತ್ತಾದವು. ಮೇಜುಗಳನ್ನು ಅವಳು ಬಾಗಿಲಿಗೆ ಮುಖ ಮಾಡಿ ಜೋಡಿಸಿದಳು. ಒಳಗೆ ಕಾಲಿಟ್ಟವರಿಗೆ ಒಂಬತ್ತು ಮುಖ, ಒಂಬತ್ತು ಹಳದಿ ಕುರ್ಚಿ, ಅವರ ಬೆನ್ನಿಗೆ ಬೆಳಗುವ ಕಿಟಕಿಗಳು. ಜೋಡಿಸಿದ ಮೇಲೆ ಹೊಸಿಲಾಚೆ ಹೋಗಿ ನಿಂತು ನೋಡಿದಳು. ಎದೆ ತುಂಬಿ ಬಂತು.

ಶುರುವಿನ ದಿನ ಬಂದವರೆಲ್ಲ ಬಾಗಿಲಲ್ಲೇ ನಿಂತರು. ಔಷಧಿ ಕಂಪನಿಯಿಂದ ಬಂದ ಅಧಿಕಾರಿ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು, ಇದನ್ನು ಮಾಡಿದ ಕಂಪನಿ ಯಾವುದು ಎಂದು ಕೇಳಿದ. ಅಕ್ಕನ ಮಗಳು ಚಿಕ್ಕಮ್ಮನ ಭುಜ ಹಿಡಿದು ಮುಂದಕ್ಕೆ ತಂದು ನಿಲ್ಲಿಸಿದಳು. ಗೊಂಬೆಯಕ್ಕ ಹಿಗ್ಗಿ ಹೀರೇಕಾಯಿಯಾದಳು. ಕಚೇರಿಯ ಅತ್ಯಂತ ಹಿರಿಯ ಓದುಗರೊಬ್ಬರು ಮಾತ್ರ ತಮ್ಮ ಕುರ್ಚಿಯಲ್ಲಿ ಕೂತು, ಕೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿದು, ಚೆನ್ನಾಗಿದೆ ಎಂದಷ್ಟೇ ಅಂದರು. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿ ಈ ಕೆಲಸಕ್ಕೆ ಬಂದವರು ಅವರು. ತಪ್ಪಿದ ಚುಕ್ಕಿ ಎಲ್ಲಿದ್ದರೂ ಹಿಡಿದು ಹಾಕುತ್ತಿದ್ದರಿಂದ ಎಲ್ಲರ ಬಾಯಲ್ಲಿ ಚುಕ್ಕಿ ಮೇಷ್ಟ್ರು.

ಐದನೇ ವಾರ, ಗೋಡೆಯ ಕಪಾಟಿನ ಮೊಳೆಯೊಂದು ಸಡಿಲಾಗಿದೆಯೆಂದು ತಿಳಿದು ಗೊಂಬೆಯಕ್ಕ ಹೇಳದೆ ಕೇಳದೆ ಅಲ್ಲಿಗೆ ಹೋದಳು. ಬೆಳಗಿನ ಹತ್ತು ಗಂಟೆ. ಬಾಗಿಲು ತೆರೆದವಳು ಅಲ್ಲೇ ನಿಂತಳು.

ಕನ್ನಡಿಯ ಅರ್ಧಕ್ಕೆ ಹಳೆಯ ಪೇಪರು ಅಂಟಿಸಿದ್ದರು. ಎರಡು ಕಂಪ್ಯೂಟರುಗಳಿಗೆ ರಟ್ಟಿನ ಟೋಪಿ. ಕಿಟಕಿ ಪಕ್ಕದ ಹುಡುಗಿ ತಲೆಯ ಮೇಲೆ ದುಪಟ್ಟಾ ಮುಂದಕ್ಕೆಳೆದು ಗುಡಾರದೊಳಗಿನಿಂದೆಂಬಂತೆ ಓದುತ್ತಿದ್ದಳು. ನಟ್ಟನಡುವೆ ಚುಕ್ಕಿ ಮೇಷ್ಟ್ರು, ಕುರ್ಚಿಯ ಬೆನ್ನಿಗೆ ಕಪ್ಪು ಕೊಡೆಯೊಂದನ್ನು ಹಗ್ಗದಲ್ಲಿ ಬಿಗಿದು, ಅದನ್ನು ಬಿಚ್ಚಿಕೊಂಡು, ಅದರ ನೆರಳಲ್ಲಿ ನೆಮ್ಮದಿಯಾಗಿ ಕೂತು ಚೀಟಿ ಓದುತ್ತಿದ್ದರು.

ಅವಳನ್ನು ಕಂಡದ್ದೇ ತಡ, ದುಪಟ್ಟಾ ಹಿಂದೆ ಸರಿಯಿತು, ಯಾರೋ ಓಡಿ ಪೇಪರಿನ ತುದಿ ಕಿತ್ತರು. ಅಕ್ಕನ ಮಗಳು ಎದ್ದು ಬಂದು ಚಹಾ ತರಿಸಲೇ ಎಂದಳು. ಹೇಗಿದೆ ಬೆಳಕು ಎಂದು ಗೊಂಬೆಯಕ್ಕ ಒಬ್ಬೊಬ್ಬರನ್ನೇ ಕೇಳಿದಳು. ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಸ್ವಲ್ಪ ಬೆಳಗ್ಗೆ ಮಾತ್ರ, ಹಾಗೇನಿಲ್ಲ, ಅಭ್ಯಾಸ ಆಗುತ್ತೆ. ಎಲ್ಲರದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಕೊಡೆ ಮಡಚದೆ ಕೂತಿದ್ದವರು ಮೇಷ್ಟ್ರೊಬ್ಬರೇ. ಅವಳು ಅವರ ಮೇಜಿನ ಮುಂದೆ ಹೋಗಿ ನಿಂತಳು.

“ಹೋದ ವಾರ ಮಕ್ಕಳ ಸಿರಪ್ಪಿನ ಚೀಟಿ ಬಂದಿತ್ತು” ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ. “ಸೊನ್ನೆ ಚುಕ್ಕಿ ಐದು ಅಂತ ಇರಬೇಕಾದ್ದು. ಚುಕ್ಕಿ ಬಿಟ್ಟು ಹೋಗಿತ್ತು, ಸೊನ್ನೆ ಐದು ಅಂತ ನಿಂತಿತ್ತು, ಅರ್ಧ ಮಿಲಿ ಬದಲು ಐದು ಮಿಲಿ. ಇಬ್ಬರು ಓದಿದಾರೆ, ಇಬ್ಬರಿಗೂ ಕಂಡಿಲ್ಲ. ಹೊಳೆಯೋ ಮೇಜಿನ ಮೇಲೆ ಬಿಳೀ ಕಾಗದ, ಅದರ ಮೇಲೆ ಕನ್ನಡಿ ಬಿಸಿಲು. ಕಣ್ಣಲ್ಲಿ ಸಾವಿರ ಚುಕ್ಕಿ ಕುಣೀತಿರುವಾಗ ಕಾಗದದ ಚುಕ್ಕಿ ಇದೆಯೋ ಇಲ್ವೋ ಅಂತ ಯಾರಿಗೆ ಗೊತ್ತಾಗುತ್ತೆ? ನಾನು ಕೊಡೆ ಕೆಳಗೆ ಕೂತಿದ್ದಕ್ಕೆ ಸಿಕ್ತು.”

ಅವರೇ ಮುಂದುವರಿಸಿದರು. ದನಿಯಲ್ಲಿ ಕುಹಕವಿರಲಿಲ್ಲ.

“ಅಂಗಡಿ ಕಿಟಕಿ ಹಾಗೆ ಮಾಡಿದೀರಮ್ಮ, ನೋಡಿದವರು ನಿಲ್ಲಬೇಕು ಹಾಗೆ. ಆದ್ರೆ ಗೊಂಬೆಗಳಿಗೆ ಕಣ್ಣು ನೋಯಲ್ಲ.”

ಮೊಳೆ ಬಿಗಿದು, ಚಹಾ ಮುಟ್ಟದೆ ಅವಳು ಹೊರಟುಬಂದಳು. ಬಸ್ಸಿನಲ್ಲಿ ಜಾಗವಿದ್ದರೂ ನಿಂತೇ ಬಂದಳು. ಮನೆಗೆ ಬಂದ ಮೇಲೆ ಬಾಯಿ ಬಿಟ್ಟದ್ದು ಬೈಯಲಿಕ್ಕೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಓದಲು ಬಾರದವರಿಗೆ ಬೆಳಕೇ ಡೊಂಕು. ಪುಕ್ಕಟೆ ಮಾಡಿಕೊಟ್ಟಿದ್ದಕ್ಕೆ ಸಿಕ್ಕ ಬಹುಮಾನ ಇದು. ಆ ಮೇಷ್ಟ್ರಿಗೆ ಮೊದಲ ದಿನದಿಂದಲೂ ಹೊಟ್ಟೆಯುರಿ. ಹೀಗೆ ಎರಡು ದಿನ ನಡೆಯಿತು. ಗಂಡ ಕೇಳುತ್ತ ಬಟ್ಟಲು ತೊಳೆದ, ಕೇಳುತ್ತ ಬಟ್ಟೆ ಒಣಹಾಕಿದ. ಮೂರನೇ ದಿನ ಅವಳ ಬೈಗುಳ ತಾನಾಗಿ ಬತ್ತಿತು. ಆದರೆ ಆ ಕಾಣದ ಚುಕ್ಕಿ ಬಿಡಲಿಲ್ಲ. ಯಾವುದೋ ಮನೆಯಲ್ಲಿ ಯಾರೋ ತಾಯಿ, ಜ್ವರದ ಮಗು, ಕೈಯಲ್ಲಿ ಚೀಟಿ, ಚಮಚೆ. ಅಷ್ಟು ದೂರ ಅವಳ ಕೆಲಸ ಹಿಂದೆಂದೂ ಹೋಗಿರಲಿಲ್ಲ. ಅಂಗಡಿಯ ಕಿಟಕಿ ಕೆಟ್ಟರೆ ಹೆಚ್ಚೆಂದರೆ ಒಂದು ಅಂಗಿ ಮಾರಾಟವಾಗದೆ ಉಳಿಯುತ್ತಿತ್ತು.

“ನೀನು ಹೇಳು” ಎಂದಳು ಗಂಡನಿಗೆ. “ನಾನು ಮಾಡಿದ್ದು ತಪ್ಪಾ?”

ಅವನು ಒಗೆದ ಅಂಗಿಯನ್ನು ಕೊಡವಿ ತಂತಿಗೆ ಹಾಕಿ, ಎರಡೂ ತೋಳು ನೇರ ಮಾಡಿ, ಆಮೇಲೆ ಮಾತಾಡಿದ.

“ನಂಗೆ ಬಣ್ಣಗಿಣ್ಣ ಗೊತ್ತಾಗಲ್ಲ. ಲಿಫ್ಟ್ ರಿಪೇರಿ ಆದ್ಮೇಲೆ ಗುಂಡಿ ಒತ್ತಿ ಖಾಲಿ ಕಳಿಸಿ ನೋಡೋದು ಒಂದು ಸಲ. ಎರಡನೇ ಸಲ ನಾನೇ ಒಳಗೆ ನಿಂತ್ಕೊಂಡು ಹೋಗ್ತಿದ್ದೆ. ಕಾಲಿಗೆ ಗೊತ್ತಾಗೋದು ಕಣ್ಣಿಗೆ ಗೊತ್ತಾಗಲ್ಲ.”

ಅವಳು ಆ ಕಚೇರಿಯಲ್ಲಿ ಬಣ್ಣ ಹೊಡೆಸಿದ್ದಳು, ಮೊಳೆ ಬಡಿದಿದ್ದಳು, ಗುಡಿಸಿದ್ದಳು. ಆ ಹಳದಿ ಕುರ್ಚಿಗಳಲ್ಲಿ ಒಂದು ದಿನ ಹೋಗಲಿ, ಒಂದು ಗಳಿಗೆಯೂ ಕೂತಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮುಂಚೆ ಹೋಗಿ ಅಕ್ಕನ ಮಗಳಿಗೆ ತನ್ನ ಬೇಡಿಕೆ ತಿಳಿಸಿದಳು. ಒಂಬತ್ತು ದಿನ, ದಿನಕ್ಕೊಂದು ಕುರ್ಚಿ. ಯಾರ ಕೆಲಸವೂ ನಿಲ್ಲಬಾರದು. ಅಲ್ಲಿ ಹೇಗೂ ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದಿ ಇನ್ನೊಬ್ಬರು ಮುದ್ರಣದ ಪ್ರತಿಯನ್ನು ನೋಡುವ ಪದ್ಧತಿಯಿತ್ತು. ಕುರ್ಚಿಯ ಒಡೆಯರು ಪಕ್ಕದ ಸ್ಟೂಲಿನಲ್ಲಿ ಕೂತು ಮುದ್ರಿತ ಪ್ರತಿ ನೋಡಲಿ, ಅವರ ಕುರ್ಚಿಯಲ್ಲಿ ಕೂತು ತಾನು ಗಟ್ಟಿ ಓದುತ್ತೇನೆ ಎಂದಳು. ಓದು ಶುರುವಾದ ಮೇಲೆ ಗೊತ್ತಾಯಿತು, ಒಂದು ಚೀಟಿ ಮುಗಿಯುವಷ್ಟರಲ್ಲಿ ಬಾಯಿ ಒಣಗಿ ನಾಲಿಗೆ ಮೂರು ಸಲ ಎಡವುತ್ತದೆ.

ಮೊದಲ ದಿನ ಕಿಟಕಿ ಪಕ್ಕದ ಕುರ್ಚಿ. ಒಂಬತ್ತೂಕಾಲಿಗೆ ಬೆನ್ನು ಕಾದಿತು. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರಗಳ ಬದಲು ತನ್ನದೇ ತಲೆ, ಹಿಂದಿನ ಕಿಟಕಿ ಕಂಡವು. ಹತ್ತಕ್ಕೆ ಸರಿಯಾಗಿ ಎದುರಿನ ಕನ್ನಡಿಯಿಂದ ಬಿಸಿಲು ಹಣೆಗೆ ಬಂದು ಬಡಿಯಿತು. ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು, ಬಿಸಿಲು ಮೇಜಿನಿಂದ ಎದ್ದು ಬಂತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ಇಲ್ಲಿ ಹುಣ್ಣಾಗಿದ್ದೇ ಕನ್ನಡಿಯಿಂದ. ಎರಡನೇ ದಿನ ಅವಳು ಸೀಮೆಸುಣ್ಣ ತಂದಳು. ಗಂಟೆಗೊಮ್ಮೆ ಎದ್ದು, ನೆಲದ ಮೇಲೆ, ಮೇಜಿನ ಮೇಲೆ ಬಿಸಿಲು ಬಿದ್ದಲ್ಲಿ ಗೆರೆ ಎಳೆದು ಪಕ್ಕದಲ್ಲಿ ಹೊತ್ತು ಬರೆದಳು. ಮಧ್ಯಾಹ್ನ ಮೂರಕ್ಕೆ, ಪೂರ್ವದಲ್ಲಿ ಬಿಸಿಲು ಇರಬಾರದ ಹೊತ್ತಿಗೆ, ಎದುರು ಬದಿಯ ಕಟ್ಟಡದ ಗಾಜಿಗೆ ತಾಗಿ ವಾಪಸು ಬಂದ ಬಿಸಿಲೊಂದು ನಾಲ್ಕನೇ ಮೇಜಿನ ಮೇಲೆ ಬಂದು ಕೂರುವುದು ಕಂಡಿತು. ದಿನಗಳೆದಂತೆ ನೆಲವೆಲ್ಲ ಮಕ್ಕಳು ಕುಂಟಾಬಿಲ್ಲೆ ಆಡಿದ ಹಾಗಾಯಿತು.

ಬೆಳಕಿನ ಜೊತೆಗೆ ಬೇರೆಯದೂ ಗೊತ್ತಾಯಿತು. ಪಕ್ಕ ಕೂತವರು ಬಾಯಿ ಬಿಟ್ಟರು. ಒಬ್ಬಾತ ಎಡಗೈಯವನು. ಎಲ್ಲರಿಗೂ ಎಡದಿಂದ ಬೆಳಕು ಬೇಕಾದರೆ ಅವನಿಗೆ ಬಲದಿಂದ ಬೇಕು, ಇಲ್ಲದಿದ್ದರೆ ಬರೆಯುವ ಕೈಯ ನೆರಳೇ ಅಕ್ಷರ ನುಂಗುತ್ತದೆ. ಬಾಗಿಲ ಪಕ್ಕದ ಹೆಂಗಸು, ಮೂರು ಮಕ್ಕಳ ತಾಯಿ, ಬಾಗಿಲು ತೆರೆದಾಗಲೆಲ್ಲ ತಲೆ ಎತ್ತದೆ ಇರಲಾರಳು. ಅವಳು ಒಂದು ಬೆಳಗ್ಗೆ ತಲೆ ಎತ್ತಿದ್ದನ್ನು ಗೊಂಬೆಯಕ್ಕ ಲೆಕ್ಕ ಹಿಡಿದಳು, ನಲವತ್ತಾರು ಸಲ. ಎಲ್ಲರ ಮುಖವೂ ಬಾಗಿಲಿಗೆ ಇದ್ದದ್ದರಿಂದ ಬಂದವರು ಒಂಬತ್ತು ಜನರನ್ನೂ ನೋಡುತ್ತಿದ್ದರು, ಒಂಬತ್ತು ಜನರೂ ಬಂದವರನ್ನು ನೋಡುತ್ತಿದ್ದರು, ಪ್ರತಿಯೊಬ್ಬರೂ ಕಳೆದ ಸಾಲನ್ನು ಮತ್ತೆ ಹುಡುಕುತ್ತಿದ್ದರು.

ಮೇಷ್ಟ್ರ ಪಕ್ಕ ಕೂತ ದಿನ ಅವಳು ಮೊದಲರ್ಧ ಗಂಟೆ ಬಿಗಿದುಕೊಂಡೇ ಇದ್ದಳು. ಅವರು ಅದನ್ನು ಗಮನಿಸಿದಂತೆ ತೋರಲಿಲ್ಲ. ಪೆನ್ಸಿಲಿನ ತುದಿಯನ್ನು ಒಂದೊಂದು ಅಕ್ಷರದ ಕೆಳಗೆ ಇಟ್ಟು, ನಿಧಾನವಾಗಿ, ಹೊಲಿಗೆ ಹಾಕುವವರಂತೆ ಸಾಗುತ್ತಿದ್ದರು. ಊಟದ ಹೊತ್ತಿಗೆ ಅವರ ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಗಿ ಎಂಟು ತಿಂಗಳಾಗಿದೆ ಎಂದು ತಿಳಿಯಿತು. ವೈದ್ಯರು ಬಿಸಿಲಿಗೆ ಕಣ್ಣೊಡ್ಡಬೇಡಿ ಅಂದಿದ್ದರು. ಮೊದಲೇ ಏಕೆ ಹೇಳಲಿಲ್ಲ ಎಂದರೆ, ಇಷ್ಟು ಉತ್ಸಾಹದಿಂದ ಬಣ್ಣ ಹೊಡೆಸುವವರಿಗೆ ಏನು ಹೇಳುವುದು ಅಂದರು.

ಒಂಬತ್ತನೇ ದಿನ ಉಳಿದದ್ದು ಅಕ್ಕನ ಮಗಳ ಕುರ್ಚಿ. ಅಂದು ಅವಳು ಕಂಪನಿಯವರನ್ನು ನೋಡಲು ಹೊರಗೆ ಹೋಗಬೇಕಿತ್ತು. ಗೊಂಬೆಯಕ್ಕ ಒಬ್ಬಳೇ ಕೂತಳು. ಆ ಜಾಗವನ್ನು ಅವಳು ಕಚೇರಿಗೆಲ್ಲ ಒಳ್ಳೆಯದೆಂದು ತಾನೇ ಆರಿಸಿ ಕೊಟ್ಟಿದ್ದಳು, ನಡುಗಿಟಕಿಯ ಮುಂದೆ, ಕನ್ನಡಿಗೆ ನೇರ. ಹತ್ತು ಗಂಟೆಗೆ ಕಣ್ಣು ಬಿಡಲಾಗಲಿಲ್ಲ. ಪೆನ್ಸಿಲಿಗೆಂದು ಮೇಜಿನ ಕೆಳಗಿನ ಖಾನೆ ಎಳೆದಳು. ಪೆನ್ಸಿಲುಗಳ ಪಕ್ಕದಲ್ಲಿ ಒಂದು ಕಪ್ಪು ಕನ್ನಡಕ, ತಲೆನೋವಿನ ಮಾತ್ರೆಯ ಪಟ್ಟಿ. ಪಟ್ಟಿಯಲ್ಲಿ ಎರಡೇ ಮಾತ್ರೆ ಉಳಿದಿದ್ದವು.

ಸಂಜೆ ಬಂದ ಅಕ್ಕನ ಮಗಳ ಮುಂದೆ ಅವಳು ಕನ್ನಡಕ ಹಿಡಿದಳು.

“ಇದು ಯಾವಾಗಿಂದ?”

“ಎರಡನೇ ವಾರದಿಂದ” ಎಂದಳು ಅಕ್ಕನ ಮಗಳು. ಕನ್ನಡಕ ಮಡಚಿ ಖಾನೆಗೆ ಹಾಕುತ್ತ ಮುಂದುವರಿಸಿದಳು, “ಅವರೆಲ್ಲ ಬರೋ ಮುಂಚೆ ಬಂದು, ಹಾಕ್ಕೊಂಡು ಓದಿ ಮುಗಿಸ್ತಿದ್ದೆ. ನೀವು ಅವತ್ತು ಬಾಗಿಲ ಹತ್ರ ನಿಂತು ನೋಡ್ತಿದ್ದ ಮುಖ ಚಿಕ್ಕಮ್ಮ, ಅಂಗಡಿ ಮುಚ್ಚಿದ್ಮೇಲೆ ಆ ಮುಖ ನಾನು ನೋಡೇ ಇರ್ಲಿಲ್ಲ. ಹೇಗೆ ಹೇಳೋದು?”

ಗೊಂಬೆಯಕ್ಕ ಅಲ್ಲೇ ಕೂತಳು. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ತಾನು ಖುಷಿಯಾಗಿರಲಿ ಎಂದು ಒಂಬತ್ತು ಜನ ಐದು ವಾರ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ಮೇಷ್ಟ್ರು ಹೇಳಿದ ಮಾತು ಅವಳಿಗೆ ಆಗ ಬೇರೆಯಾಗಿ ಕೇಳಿಸಿತು. ಆ ಮಾತು ಬಂದದ್ದು ಹೊಟ್ಟೆಯುರಿಯಿಂದಲ್ಲ. ಇಡೀ ಕಚೇರಿಯಲ್ಲಿ ಅವಳನ್ನು ಕೆಲಸಗಾರ್ತಿಯೆಂದು ಎಣಿಸಿ ಮಾತಾಡಿದ್ದವರು ಅವರೊಬ್ಬರೇ.

ಮತ್ತೆ ಕೆಲಸ ಶುರುವಾಯಿತು. ಈ ಸಲ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಿತ್ತು. ಎಂಟು ಮೇಜುಗಳನ್ನು ಕಿಟಕಿ ಎಡಗಡೆಗೆ ಬರುವಂತೆ ತಿರುಗಿಸಿದರು, ಎಡಗೈಯವನದನ್ನು ಮಾತ್ರ ತಿರುವುಮುರುವಾಗಿ. ಅದಕ್ಕೆ ಅವನೂ ಎದುರಿನ ಹುಡುಗಿಯೂ ಮುಖಾಮುಖಿ ಕೂರಬೇಕಾಗಿ ಬಂದು ಇಬ್ಬರೂ ಒಂದು ವಾರ ನಾಚಿಕೊಂಡರು. ಹೊಳೆಯುವ ಗೋಡೆಗಳಿಗೆ ಉಪ್ಪುಕಾಗದ ಉಜ್ಜಿ ಹೊಳಪು ಕಳೆದು, ಮೇಲೆ ಕೆನೆಬಣ್ಣದ ಮಂಕು ಡಿಸ್ಟೆಂಪರ್ ಬಳಿದರು. ಶಾಲೆಯ ಹಲಗೆಗೆ ಬಳಿಯುವ ಹಸಿರು ಬಣ್ಣಕ್ಕೆ ಬಿಳಿ ಬೆರೆಸಿ, ಒಣಗಿದ ಎಲೆಯ ಬಣ್ಣ ಬರುವವರೆಗೆ ಕದಡಿ, ಮೇಜುಗಳಿಗೆ ಹೊಡೆದಳು. ಚಾವಣಿಯ ಬಿಳಿಯನ್ನು ಮುಟ್ಟಲಿಲ್ಲ.

ಮೂರು ಗಂಟೆಯ ಬಿಸಿಲಿಗೆ ಉಪಾಯ ಹೊಳೆದದ್ದು ಅಕಸ್ಮಾತ್ತಾಗಿ. ಏಣಿ ಹತ್ತಿ ಕಿಟಕಿಯ ನಡುವಿನ ಪಟ್ಟಿ ಒರೆಸುವಾಗ ಕೈಯಲ್ಲಿದ್ದ ಹಾಳೆಯನ್ನು ಅಡ್ಡ ಹಿಡಿದಳು. ಚಾವಣಿಯ ಮೇಲೆ ಒಂದು ಬೆಳಕಿನ ತುಂಡು ಮೂಡಿತು, ಹಾಳೆಯ ಕೆಳಗಿನ ಮೇಜು ನೆರಳಾಯಿತು. ಅವಳು ಹಾಳೆ ತೆಗೆದಳು, ಹಿಡಿದಳು, ಮತ್ತೆ ತೆಗೆದಳು. ಆಮೇಲೆ ಗಂಡನನ್ನು ಕೂಗಿದಳು. ಸ್ಟುಡಿಯೋದ ಕಿಟಕಿಗೆ ಬಡಿದಿದ್ದ ಹಳೆಯ ಹಲಗೆಗಳು ಮಾಳಿಗೆಯಲ್ಲಿ ಬಿದ್ದಿದ್ದವು. ಅವಕ್ಕೆ ಮೇಲ್ಗಡೆ ಬಿಳಿ ಹೊಡೆದು, ಆಳೆತ್ತರಕ್ಕಿಂತ ಒಂದು ಗೇಣು ಮೇಲೆ, ಪ್ರತಿ ಕಿಟಕಿಗೂ ಅಟ್ಟದ ಹಾಗೆ ಅಡ್ಡ ಕೂರಿಸಿದರು. ಬಿಸಿಲು ಹಲಗೆಯ ಮೇಲೆ ಬಿದ್ದು ಚಾವಣಿಗೆ ಹೋಗಿ, ಅಲ್ಲಿಂದ ಮೆತ್ತಗೆ ಇಳಿದು ಕೋಣೆಯ ಆ ತುದಿಯವರೆಗೆ ಹಬ್ಬಿತು. ಹಲಗೆಯ ಕೆಳಗಿನ ಗಾಜಿಗೆ ತೆಳು ಅಸ್ತರಿ ಬಟ್ಟೆಯ ಪರದೆ.

ಕನ್ನಡಿಯೊಂದು ಉಳಿಯಿತು. ಎಲ್ಲ ಬದಲಾಯಿಸಿದಳು, ಅದನ್ನು ಮಾತ್ರ ಬಿಟ್ಟಳು. ಮೇಜು ತಿರುಗಿದ ಮೇಲೆ ತೊಂದರೆ ಇಲ್ಲ ಎಂದಳು. ಸ್ವಲ್ಪ ಓರೆ ಮಾಡಿದರೆ ಸಾಕು ಎಂದಳು. ಪರದೆ ಹಾಕಿದಳು. ಪರದೆ ಹಾಕಿದ ಕನ್ನಡಿ ಇದ್ದೂ ಏನು ಪ್ರಯೋಜನ ಎಂದು ಯಾರೂ ಕೇಳಲಿಲ್ಲ, ಅವರೆಲ್ಲ ಅಷ್ಟು ಒಳ್ಳೆಯವರು. ಒಂದು ಬೆಳಗ್ಗೆ ಅವಳೇ ಗಂಡನ ಸ್ಕ್ರೂಡ್ರೈವರ್ ಹಿಡಿದು ಸ್ಟೂಲು ಹತ್ತಿದಳು. ಗಂಡ ಕೆಳಗಿನ ಅಂಚು ಹಿಡಿದುಕೊಂಡ, ಮೇಷ್ಟ್ರು ಎದ್ದು ಬಂದು ಇನ್ನೊಂದು ಅಂಚು ಹಿಡಿದರು. ಗೋಡೆಯಿಂದ ಬಿಡಿಸಿದಾಗ ಅದರಲ್ಲಿ ಅವಳ ಮುಖ ಒಂದು ಸಲ ಅಲುಗಿತು. ನೋಡದ ಹಾಗೆ ಇಳಿದಳು.

ಕನ್ನಡಿಯನ್ನು ಮೆಟ್ಟಿಲಿನ ತಿರುವಿನ ಗೋಡೆಗೆ ಹಾಕಿದರು. ಮೇಲೊಂದು ಸಣ್ಣ ಗವಾಕ್ಷಿಯಿತ್ತು. ಅದರ ಬೆಳಕು ಕನ್ನಡಿಗೆ ತಾಗಿ, ಹಿಂದೆ ತಡವರಿಸಿ ಏರಬೇಕಿದ್ದ ಮೆಟ್ಟಿಲುಗಳ ಮೇಲೆ ಬಿತ್ತು. ಅಲ್ಲಿ ಯಾರೂ ಓದುವುದಿಲ್ಲ. ಹತ್ತುವವರು ಉಸಿರು ತೆಗೆದುಕೊಳ್ಳಲು ನಿಂತು ತಲೆ ಬಾಚಿಕೊಂಡು ಮುಂದೆ ಹೋದರು.

ಔಷಧಿ ಕಂಪನಿಯ ಅಧಿಕಾರಿ ಇನ್ನೊಮ್ಮೆ ಬಂದಾಗ ಬಾಗಿಲಲ್ಲಿ ನಿಲ್ಲಲಿಲ್ಲ, ಫೋಟೋ ತೆಗೆಯಲಿಲ್ಲ. ಮುಂಚೆ ಇನ್ನೂ ಚೆನ್ನಾಗಿತ್ತಲ್ಲ, ಬದಲಾಯಿಸಿದಿರಾ ಎಂದು ಕೇಳಿ, ಕೂತು, ಕೆಲಸದ ಮಾತಾಡಿ, ಹೊರಡುವ ಹೊತ್ತಿಗೆ ಎರಡು ಗಂಟೆ ಕಳೆದದ್ದು ಗೊತ್ತೇ ಆಗಲಿಲ್ಲ ಎಂದ. ಗೊಂಬೆಯಕ್ಕ ಮೂಲೆಯಲ್ಲಿ ಪರದೆಗೆ ಅಂಚು ಹೊಲಿಯುತ್ತಿದ್ದಳು. ಈ ಸಲ ಅವಳನ್ನು ಯಾರೂ ಮುಂದೆ ತಂದು ನಿಲ್ಲಿಸಲಿಲ್ಲ. ಅಕ್ಕನ ಮಗಳು ಅವಳ ಕಡೆ ನೋಡಿ ನಕ್ಕಳು, ಅಷ್ಟೇ.

ಸುದ್ದಿ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಯಿತು. ಕೆಳಗಿನ ಮಹಡಿಯ ಹಲ್ಲಿನ ವೈದ್ಯೆ ಕರೆದಳು, ಆಮೇಲೆ ಬಸ್ಸಿನ ಟಿಕೆಟ್ಟು ಕಾದಿರಿಸುವ ಕಚೇರಿಯವರು. ನಕ್ಷೆ ಎಲ್ಲಿ ಎಂದು ಕೇಳಿದರೆ ನಕ್ಷೆ ಇಲ್ಲ ಎನ್ನುತ್ತಿದ್ದಳು. ಮೊದಲು ನಾಲ್ಕು ದಿನ ಸುಮ್ಮನೆ ಕೂತಿರುತ್ತೇನೆ, ನಿಮ್ಮ ಕೆಲಸ ನೀವು ಮಾಡಿ ಎನ್ನುತ್ತಿದ್ದಳು. ಕೂರಲಿಕ್ಕೂ ದುಡ್ಡು ಕೊಡಬೇಕೇ ಎಂದು ಒಬ್ಬಾತ ತಿರುಗಿ ಬಿದ್ದ. ಅವನ ಕೆಲಸವನ್ನು ಅವಳು ಒಪ್ಪಿಕೊಳ್ಳಲಿಲ್ಲ.

ಓದುವ ಕಚೇರಿಯಲ್ಲಿ ಒಂದು ಕುರ್ಚಿ ಮಾತ್ರ ಕೊನೆಗೂ ಸರಿಹೋಗಲಿಲ್ಲ, ಬಾಗಿಲ ಪಕ್ಕದ್ದು. ಹೇಗೆ ತಿರುಗಿಸಿದರೂ ಒಂದೋ ಬಾಗಿಲು ಬೆನ್ನಿಗೆ ಬೀಳುತ್ತಿತ್ತು, ಇಲ್ಲವೇ ಮುಖಕ್ಕೆ. ಚಾವಣಿಯ ಬೆಳಕು ಅಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತಿತ್ತು. ಅಡ್ಡತಟ್ಟಿ ಇಟ್ಟರೆ ಕತ್ತಲೆ, ತೆಗೆದರೆ ಗಾಳಿ. ಗೊಂಬೆಯಕ್ಕ ಒಂದು ಮೇಜುದೀಪ ಕೊಟ್ಟಳು, ಬಾಗಿಲಿನ ಕೀಲಿಗೆ ಎಣ್ಣೆ ಹಾಕಿಸಿದಳು, ಮೂರು ಸಲ ಮೇಜು ಸರಿಸಿದಳು. ಆಮೇಲೆ ಎಲ್ಲರನ್ನೂ ಕರೆದು, ಇದು ನನ್ನ ಕೈಯಲ್ಲಿ ಆಗಲಿಲ್ಲ ಎಂದು ಹೇಳಿದಳು. ಅಂಗಡಿಯ ಮೂವತ್ತೊಂದು ವರ್ಷದಲ್ಲಿ ಅವಳು ಆ ಮಾತು ಯಾರಿಗೂ ಹೇಳಿದವಳಲ್ಲ.

ಸರದಿ ಪ್ರಕಾರ ಕೂರೋಣ, ವಾರಕ್ಕೊಬ್ಬರು ಎಂದು ಎಡಗೈಯವನು ಸೂಚಿಸಿದ. ಅಕ್ಕನ ಮಗಳು ಬೇಡ ಎಂದಳು. ಬಾಗಿಲು ತೆರೆದರೆ ಹೇಗೂ ತಾನೇ ಎದ್ದು ಬರಬೇಕು, ಬಂದವರನ್ನು ಮಾತಾಡಿಸುವುದು ತನ್ನದೇ ಪಾಡು. ತನ್ನ ಪೆನ್ಸಿಲುಗಳನ್ನು, ದೂರವಾಣಿಯನ್ನು ಎತ್ತಿಕೊಂಡು ಅವಳು ನಡುಗಿಟಕಿಯ ಜಾಗವನ್ನು ಮೂರು ಮಕ್ಕಳ ತಾಯಿಗೆ ಬಿಟ್ಟುಕೊಟ್ಟು ಬಾಗಿಲ ಬಳಿ ಬಂದು ಕೂತಳು. ಆ ತಾಯಿ ಹೊಸ ಜಾಗದಲ್ಲಿ ಕೂತು ಹತ್ತು ನಿಮಿಷ ಏನೂ ಮಾಡದೆ ಮೇಜಿನ ಮೇಲೆ ಎರಡೂ ಕೈ ಚಾಚಿ ಇಟ್ಟುಕೊಂಡಿದ್ದಳು. ಬಾಗಿಲು ತೆರೆಯಿತು, ಯಾರೋ ಬಂದರು. ಅವಳು ತಲೆ ಎತ್ತಲಿಲ್ಲ.